ದಾರಿ ಬಿಟ್ಟು ನಡೆಯೋಣ

(ಯಲಹಂಕದಲ್ಲಿ ಒಂದು ಸಂಜೆ ನಡೆದ ಮಾತುಕತೆ ಇದು. ಹಿರಿಯರು ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿದ್ದು ನಿವೃತ್ತರಾದವರು. ಕಿರಿಯಳು ಅವರ ತಮ್ಮನ ಮಗಳು. ಹೆಬ್ಬಾಳದ ಬಳಿ ಕೆಲಸ, ಬಿಡುವಾದಾಗ ಬೆಟ್ಟ ಹತ್ತುವ ಹವ್ಯಾಸ.)

ಕಿರಿಯಳು: ದೊಡ್ಡಪ್ಪ, ಭಾನುವಾರ ಗೆಳತಿಯರ ಜೊತೆ ಮಾಕಳಿದುರ್ಗಕ್ಕೆ ಹೊರಟಿದ್ದೇನೆ. ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾಳೆ. ಆ ಕಡೆ ಚಿರತೆ ಇದೆ ಅಂತ ಯಾರೋ ಹೇಳಿದರಂತೆ. ನೀವು ಆ ಕಾಡು ತಿರುಗಿದವರು. ನಿಜವಾ?

ಹಿರಿಯರು: ನಿಜ ಕಣಮ್ಮ. ಮಾಕಳಿಯ ಕಾಡಿನಲ್ಲೂ ಇದೆ, ನಂದಿ ಸಾಲಿನ ಬೆಟ್ಟಗಳಲ್ಲೂ ಇದೆ. ಇದೆ ಅಂತ ತಿಳಿದು ಹೋದರೆ ತೊಂದರೆ ಇಲ್ಲ. ಇಲ್ಲ ಅಂದುಕೊಂಡು ಹೋಗುವುದರಲ್ಲೇ ಅಪಾಯ.

ಕಿರಿಯಳು: ಅಂದರೆ ಹೋಗಬಹುದು ಅಂತೀರಾ?

ಹಿರಿಯರು: ಖಂಡಿತ ಹೋಗು. ಯಲಹಂಕದಲ್ಲಿ ರೈಲು ಹತ್ತಿದರೆ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬುಡಕ್ಕೇ ಇಳಿಯಬಹುದು. ಹಳಿಯ ಮೇಲೆ ಮಾತ್ರ ನಡೆಯಬೇಡಿ. ಆ ತಿರುವಿನಲ್ಲಿ ಗಾಡಿ ಬರುವುದು ಕಾಣುವುದಿಲ್ಲ. ಚಿರತೆಗಿಂತ ಮೊದಲು ಹೇಳಬೇಕಾದ ಎಚ್ಚರಿಕೆ ಅದು.

ಕಿರಿಯಳು: ಆದರೂ ಆಶ್ಚರ್ಯ ಆಗುತ್ತೆ. ಒಂದು ಪಕ್ಕ ವಿಮಾನ ನಿಲ್ದಾಣ, ಇನ್ನೊಂದು ಪಕ್ಕ ಲೇಔಟುಗಳು. ನಡುವೆ ಚಿರತೆ ಎಲ್ಲಿಂದ ಬಂತು?

ಹಿರಿಯರು: ಅದು ಎಲ್ಲಿಂದಲೂ ಬರಲಿಲ್ಲ, ಇಲ್ಲೇ ಇತ್ತು. ನೀನು ಜಾಲಹಳ್ಳಿಯ ಮೇಲೆ ಮೆಟ್ರೋದಲ್ಲಿ ಹೋಗುತ್ತೀಯಲ್ಲ, ಯಶವಂತಪುರ ದಾಟಿದ ಮೇಲೆ? ಅಲ್ಲಿ ಜನರ ಮೇಲೆ ಎರಗಿದ ಚಿರತೆಯೊಂದರ ಬಗ್ಗೆ ಬೆಂಗಳೂರಿನವನೇ ಆದ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದಿದ್ದಾನೆ. ಆ ಕತೆ ಇರುವ ಅವನ ಪುಸ್ತಕ ಬಂದದ್ದು 1954ರಲ್ಲಿ.

ಕಿರಿಯಳು: ತೇಜಸ್ವಿಯವರು ಕನ್ನಡಕ್ಕೆ ತಂದ ‘ಜಾಲಹಳ್ಳಿಯ ಕುರ್ಕ’! ಹೈಸ್ಕೂಲಿನಲ್ಲಿ ಓದಿದ್ದೆ. ಅದು ಇದೇ ಜಾಲಹಳ್ಳಿ ಅಂತ ಆಗ ಹೊಳೆದೇ ಇರಲಿಲ್ಲ. ಎಲ್ಲೋ ದೂರದ ಮಲೆನಾಡಿನ ಊರು ಅಂದುಕೊಂಡಿದ್ದೆ.

ಹಿರಿಯರು: ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ಕಾಡುಪ್ರಾಣಿ ಅಂದರೆ ಬಂಡೀಪುರ, ನಾಗರಹೊಳೆ ಅಂತ ಒಂದು ಗೆರೆ ಎಳೆದುಬಿಟ್ಟಿದ್ದೇವೆ. ಗೆರೆಯ ಈಚೆ ಕಂಡರೆ ‘ನುಗ್ಗಿತು’ ಅನ್ನುತ್ತೇವೆ. ಚಿರತೆಗೆ ದಟ್ಟ ಕಾಡೇ ಬೇಕು ಅಂತಿಲ್ಲ. ಕುರುಚಲು, ಬಂಡೆಗಳ ಸಂದು, ಹಗಲು ಮಲಗುವುದಕ್ಕೆ ಒಂದು ಗವಿ, ಕುಡಿಯುವುದಕ್ಕೆ ಕುಂಟೆಯ ನೀರು ಇದ್ದರೆ ಸಾಕು. ಮೊಲ, ಕಾಡುಹಂದಿ, ನವಿಲು, ಮಂಗ, ನಾಯಿ, ಏನು ಸಿಕ್ಕರೂ ಹೊಟ್ಟೆ ಹೊರೆಯುತ್ತದೆ. ನಂದಿ, ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ, ದಿವ್ಯಗಿರಿ ಐದೂ ಬೆಟ್ಟಗಳಲ್ಲಿ ಇಂಥ ಜಾಗ ಬೇಕಾದಷ್ಟಿದೆ. ನಂದಿಯ ನೆತ್ತಿ 1,478 ಮೀಟರ್. ಅರ್ಕಾವತಿ, ಪಿನಾಕಿನಿ ಹುಟ್ಟುವುದು ಈ ಸಾಲಿನಲ್ಲೇ.

ಕಿರಿಯಳು: ಲೆಕ್ಕ ನಾನು ಹೇಳುತ್ತೇನೆ. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆ, ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಾವೇ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಹೊಳೆಮತ್ತಿ ಸಂಸ್ಥೆಯವರು ಬೆಂಗಳೂರಿನ ಸುತ್ತ ಕ್ಯಾಮೆರಾ ಇಟ್ಟು ಮಾಡಿದ ಅಧ್ಯಯನ 2025ರಲ್ಲಿ ಹೊರಬಂತು. ಬನ್ನೇರುಘಟ್ಟವೂ ಸೇರಿ ನಗರದ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆಯಂತೆ.

ಹಿರಿಯರು: ನೋಡು, ಅಷ್ಟು ಚಿರತೆ ಇದ್ದೂ ಎಷ್ಟು ಜನ ಕಂಡಿದ್ದಾರೆ? ಸುಮಾರು ಒಂದೂವರೆ ಕೋಟಿ ಜನರ ಅಕ್ಕಪಕ್ಕದಲ್ಲೇ ಅವು ತಮ್ಮ ಪಾಡಿಗೆ ಬದುಕುತ್ತಿವೆ. ನಮ್ಮ ಕಣ್ಣಿಗೆ ಬೀಳದೆ ಇರುವುದೇ ಅವುಗಳ ಕಸುಬು. ಎಲ್ಲಾದರೂ ಒಂದು ಬಿದ್ದಿತು ಅಂದರೆ ಅದಕ್ಕೆ ಏನೋ ಒತ್ತಡ ಬಂದಿರುತ್ತದೆ, ಇಲ್ಲವೇ ನಾವೇ ಏನೋ ಆಸೆ ತೋರಿಸಿರುತ್ತೇವೆ.

ಕಿರಿಯಳು: ಒತ್ತಡ ಅಂದರೆ?

ಹಿರಿಯರು: ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿದ್ದು 2008ರಲ್ಲಿ. ಅದಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ನೀನೇ ಕಂಡಿದ್ದೀಯ. ರಾಗಿ ಹೊಲ, ದ್ರಾಕ್ಷಿ ತೋಟ, ಗೋಮಾಳ ಎಲ್ಲ ಕಾಂಪೌಂಡ್ ಆದವು. ಚಿರತೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ರಾತ್ರಿ ನಡೆದು ಹೋಗುತ್ತಿದ್ದ ಜಾಗಗಳು ಅವು. ಅದು ಇವತ್ತಿಗೂ ಅಲ್ಲೇ ನಡೆಯುತ್ತದೆ, ಆದರೆ ಈಗ ನಡುವೆ ಗೋಡೆ ಇದೆ, ಸಿಸಿ ಕ್ಯಾಮೆರಾ ಇದೆ. 2022ರ ಡಿಸೆಂಬರ್‌ನಲ್ಲಿ ಚಿಕ್ಕಜಾಲದ ಕಡೆ ಚಿರತೆ ಅಂತ ಗದ್ದಲ ಎದ್ದಿತ್ತಲ್ಲ, ಅದು ಇದೇ ಬಗೆ. ಇನ್ನು ಕಲ್ಲುಗಣಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತ ಎಷ್ಟು ಗುಡ್ಡಗಳು ಅರ್ಧ ಆಗಿವೆ! ಕಾಡು ಕಡಿದರೆ ಮರ ಮತ್ತೆ ಬೆಳೆಯಬಹುದು. ಬಂಡೆ ಸಿಡಿಸಿ ಜಲ್ಲಿ ಮಾಡಿದ ಮೇಲೆ ಗವಿ ಮತ್ತೆ ಹುಟ್ಟುವುದಿಲ್ಲ. ಮರಿ ಹಾಕಿದ ಚಿರತೆ ಎಲ್ಲಿಗೆ ಹೋಗಬೇಕು?

ಕಿರಿಯಳು: ಆ ಜಲ್ಲಿ, ಎಂ-ಸ್ಯಾಂಡ್ ಬಂದಿದ್ದು ನಮ್ಮ ಅಪಾರ್ಟ್‌ಮೆಂಟಿಗೇ.

ಹಿರಿಯರು: ಹೌದು, ಈ ಮನೆಗೂ ಬಂದಿದೆ. ಅದಕ್ಕೇ ಇದು ಬರೀ ಬೆಟ್ಟದ ಬುಡದವರ ವಿಷಯ ಅಲ್ಲ.

ಕಿರಿಯಳು: ಆಸೆ ತೋರಿಸುವುದು ಅಂದಿರಲ್ಲ, ಅದು ಕಸದ ಮಾತು ತಾನೆ?

ಹಿರಿಯರು: ಕಸ, ಮಾಂಸದ ಅಂಗಡಿಯ ತ್ಯಾಜ್ಯ, ಅದನ್ನು ತಿಂದು ಹೆಚ್ಚಿದ ನಾಯಿ. ನಾಯಿ ಇದ್ದ ಕಡೆ ಚಿರತೆ ಬರುತ್ತದೆ. ಹೆಸರಘಟ್ಟದ ಹುಲ್ಲುಗಾವಲಿನ ಹತ್ತಿರ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುವುದನ್ನು 2012ರಲ್ಲಿ ನಿಲ್ಲಿಸುವ ತನಕ ಅಲ್ಲಿಯ ಹಳ್ಳಿಯವರು ನಾಯಿ, ಹದ್ದುಗಳ ಹಿಂಡನ್ನು ಕಂಡಿದ್ದಾರೆ. ಯಲಹಂಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಬಂದಾಗ ಏನು ಮಾಡುತ್ತಾರೆ, ಹೇಳು?

ಕಿರಿಯಳು: ವಾಯುನೆಲೆಯ ಸುತ್ತ ಹಲವು ಕಿಲೋಮೀಟರ್ ಒಳಗೆ ಮಾಂಸ ಮಾರುವುದನ್ನು ನಿಲ್ಲಿಸುತ್ತಾರೆ. ಬಿಸಾಡಿದ ಚೂರಿಗೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತವೆ ಅಂತ.

ಹಿರಿಯರು: ಎಸೆದ ಕಡೆ ಪ್ರಾಣಿ ಬರುತ್ತದೆ ಅನ್ನುವುದು ನಮಗೆ ಗೊತ್ತಿದೆ. ಆ ಪ್ರದರ್ಶನದ ಕಾಲದಲ್ಲಿ ಮಾತ್ರ ಪಾಲಿಸುತ್ತೇವೆ, ಆಮೇಲೆ ಬಿಡುತ್ತೇವೆ. ಅದನ್ನೇ ವರ್ಷವಿಡೀ ಜಾಗ್ರತೆಯಿಂದ ಮಾಡಿದರೆ, ರಾಜಾನುಕುಂಟೆಯಲ್ಲಾಗಲಿ ಬಾಗಲೂರಿನಲ್ಲಾಗಲಿ ಚಿರತೆ ಬೀದಿಗಿಳಿಯುವ ಕಾರಣವೇ ಕಡಿಮೆಯಾಗುತ್ತದೆ.

ಕಿರಿಯಳು: ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಬ್ಲಾಕಿನಲ್ಲಿ ಚಿಕ್ಕ ಮಕ್ಕಳಿರುವ ಮನೆಗಳು ಎಷ್ಟೋ ಇವೆ. ಅವರ ಅಪ್ಪ ಅಮ್ಮಂದಿರಿಗೆ ಈ ನ್ಯಾಯ ಹೇಳಿದರೆ ಒಪ್ಪುತ್ತಾರಾ? ಬೋನು ಇಟ್ಟು ಹಿಡಿದು ದೂರದ ಕಾಡಿಗೆ ಬಿಡಲಿ ಅನ್ನುತ್ತಾರೆ. ಅದರಲ್ಲಿ ತಪ್ಪೇನು?

ಹಿರಿಯರು: ಅವರ ಭಯ ತಪ್ಪಲ್ಲ. ಆ ಪರಿಹಾರ ಮಾತ್ರ ಕೆಲಸ ಮಾಡುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ತಾಲ್ಲೂಕಿನಲ್ಲಿ ಹೀಗೇ ಚಿರತೆಗಳನ್ನು ಹಿಡಿದು ಹಿಡಿದು ಬೇರೆ ಕಡೆ ಬಿಟ್ಟರು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅದರ ಜಾಡು ಹಿಡಿದು ನೋಡಿದಾಗ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದು ಕಂಡಿತು. ಚಿರತೆಗೆ ತನ್ನ ಗಡಿ ಅಂತ ಇರುತ್ತದೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅಲ್ಲಿ ಮೊದಲೇ ಇರುವ ಚಿರತೆ ಓಡಿಸುತ್ತದೆ. ಇದು ಮನೆಯ ದಾರಿ ಹುಡುಕುತ್ತಾ ಊರೂರು ದಾಟುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಪ್ರಾಯದ ಚಿರತೆ ಬಂದು ಸೇರುತ್ತದೆ. ಇಷ್ಟರ ಮೇಲೆ ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ, ಮನುಷ್ಯನ ಜೀವಕ್ಕೆ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ ಅವರು ಲಿಖಿತ ಆದೇಶ ಕೊಡಬೇಕು.

ಕಿರಿಯಳು: ಹಿಡಿಯುವಾಗ ಸತ್ತದ್ದೂ ಇದೆ. ಬೆಂಗಳೂರಿನ ಕೂಡ್ಲು ಕಡೆಯ ಚಿರತೆ.

ಹಿರಿಯರು: 2023ರ ನವೆಂಬರ್ 1. ನಾಡೆಲ್ಲ ರಾಜ್ಯೋತ್ಸವ ಮಾಡುತ್ತಿದ್ದ ದಿನ. ದಿನಗಟ್ಟಲೆ ಹುಡುಕಾಟ, ಜನಜಂಗುಳಿ, ಸಿಬ್ಬಂದಿಯ ಮೇಲೆ ಅದು ಎರಗಿದ್ದು, ಕೊನೆಗೆ ಸತ್ತದ್ದು. 2016ರ ಫೆಬ್ರುವರಿಯಲ್ಲಿ ನಗರದ ಪೂರ್ವದ ಶಾಲೆಯೊಂದಕ್ಕೆ ಹೊಕ್ಕಿದ್ದ ಚಿರತೆಯನ್ನು ಹಿಡಿಯುವಾಗ ಸಂಜಯ್ ಗುಬ್ಬಿ ಅವರೇ ಗಾಯಗೊಂಡರು. ಸಿಕ್ಕಿಕೊಂಡ ಪ್ರಾಣಿ, ಸುತ್ತ ಕೂಗುವ ಜನ, ಮೊಬೈಲು. ಇವು ಮೂರೂ ಒಂದು ಕಡೆ ಸೇರಿದರೆ ಯಾರಿಗಾದರೂ ರಕ್ತ ಬರುವುದು ಖಚಿತ. ಜನ ಬಾಗಿಲು ಹಾಕಿಕೊಂಡು ಒಳಗಿದ್ದು ದಾರಿ ಬಿಟ್ಟರೆ, ಹೆಚ್ಚಿನ ಸಲ ಅದು ಕತ್ತಲಾದ ಮೇಲೆ ತಾನೇ ಹೋಗುತ್ತದೆ.

ಕಿರಿಯಳು: ಆದರೆ ದೊಡ್ಡಪ್ಪ, ಟಿ. ನರಸೀಪುರ ತಾಲ್ಲೂಕಿನಲ್ಲಿ ಏನಾಯಿತು? 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ಕು ಜನ ಸತ್ತರು. ಅದರಲ್ಲಿ ಒಬ್ಬ ಶಾಲೆಗೆ ಹೋಗುವ ಹುಡುಗ. ಆ ತಾಯಿಯ ಎದುರು ನಿಂತು ‘ದಾರಿ ಬಿಡಿ’ ಅನ್ನೋಕೆ ಆಗುತ್ತಾ?

ಹಿರಿಯರು: ಆಗುವುದಿಲ್ಲ. ಅನ್ನಲೂಬಾರದು. ಮನುಷ್ಯರ ಮೇಲೆ ಮತ್ತೆ ಮತ್ತೆ ಬೀಳುವ ಪ್ರಾಣಿಯನ್ನು ಹಿಡಿಯಲೇಬೇಕು, ಅದಕ್ಕೆ ನಾನೂ ಎರಡು ಮಾತಿಲ್ಲದೆ ಒಪ್ಪುತ್ತೇನೆ. ಆಮೇಲೆ ಸರ್ಕಾರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಮಾಡಿದ್ದು ಅದಕ್ಕೇ. ನಾನು ಹೇಳುತ್ತಿರುವುದು ಏನೂ ಮಾಡದೆ ದಾರಿಯಲ್ಲಿ ಹೋಗುತ್ತಿರುವ ಚಿರತೆಯ ಮಾತು.

ಕಿರಿಯಳು: ಇನ್ನೊಂದು ಅನ್ಯಾಯವೂ ನನ್ನನ್ನು ಕಾಡುತ್ತದೆ. ಚಿರತೆ ಉಳಿಯಬೇಕು ಅಂತ ನಾವು ಹದಿನಾಲ್ಕನೇ ಮಹಡಿಯಿಂದ ಹೇಳುತ್ತೇವೆ. ಮೇಕೆ ಕಳೆದುಕೊಳ್ಳುವವರು ಬೆಟ್ಟದ ಬುಡದ ಕುರಿಗಾಹಿಗಳು.

ಹಿರಿಯರು: ಸರಿಯಾದ ಮಾತು. ಒಂದು ಮೇಕೆ ಅಂದರೆ ಆ ಮನೆಗೆ ಮಗಳ ಫೀಸು. ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಆದರೆ ಪಶುವೈದ್ಯರ ಸರ್ಟಿಫಿಕೇಟು, ಅರ್ಜಿ, ಓಡಾಟ ಎಲ್ಲ ಆ ಮನುಷ್ಯನ ತಲೆಯ ಮೇಲೇ. ಪರಿಹಾರ ಬೇಗ ಕೈಸೇರಬೇಕು. ರಾತ್ರಿ ಕೂಡುವ ದೊಡ್ಡಿಗೆ ಮೇಲೆ ಜಾಲರಿ, ಗಟ್ಟಿ ಬಾಗಿಲು ಇರಬೇಕು. ದೊಡ್ಡಿ ಭದ್ರವಾಗಿದ್ದ ಕಡೆ ಚಿರತೆ ಸುತ್ತು ಹೊಡೆದು ಹೊರಟುಹೋಗುತ್ತದೆ. ಅಂಥ ದೊಡ್ಡಿ ಕಟ್ಟಿಕೊಡುವುದಕ್ಕೆ ನಗರದ ಚಾರಣದ ಗುಂಪುಗಳು ಹಣ ಹಾಕಿದರೆ, ಆ ಬೆಟ್ಟ ಹತ್ತಿದ ಋಣ ಸ್ವಲ್ಪವಾದರೂ ತೀರುತ್ತದೆ.

ಕಿರಿಯಳು: ಇದನ್ನು ನಮ್ಮ ಗುಂಪಿನಲ್ಲಿ ಹೇಳುತ್ತೇನೆ. ಈಗ ಬೆಟ್ಟದ ಮೇಲೆ ಹೇಗೆ ನಡೆಯಬೇಕು, ಅದನ್ನು ಹೇಳಿ. ಎದುರಿಗೇ ಚಿರತೆ ಬಂದರೆ?

ಹಿರಿಯರು: ಮೊದಲು ಬರದ ಹಾಗೆ ನಡೆಯುವುದನ್ನು ಹೇಳುತ್ತೇನೆ, ಅದು ಮುಖ್ಯ. ಚಿರತೆ ತಿರುಗಾಡುವುದು ಮುಸ್ಸಂಜೆಯಿಂದ ಬೆಳಗಿನ ಜಾವದ ತನಕ. ಹೊತ್ತು ಮುಳುಗುವ ಮೊದಲೇ ಬುಡಕ್ಕೆ ಇಳಿದಿರಬೇಕು. ಸ್ಕಂದಗಿರಿಗೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಪಡೆದು ಹೋಗಬೇಕು, ರಾತ್ರಿ ಮೇಲೆ ಟೆಂಟ್ ಹಾಕುವ ಹಾಗಿಲ್ಲ ಅಂದರೆ ನಿಮ್ಮ ವಯಸ್ಸಿನವರಿಗೆ ಸಿಟ್ಟು ಬರುತ್ತದೆ. ಹಗಲು ಬೆಟ್ಟ ನಿಮಗೆ ಬಿಟ್ಟಿದೆ. ರಾತ್ರಿಯನ್ನಾದರೂ ಅವಕ್ಕೆ ಬಿಡಿ. ಇನ್ನು, ಎಲ್ಲರೂ ಒಟ್ಟಿಗೆ ನಡೆಯಿರಿ. ಮಕ್ಕಳಿದ್ದರೆ ನಡುವೆ ಇರಲಿ. ಗವಿಯೊಳಗೆ, ಕೋಟೆಯ ಮುರಿದ ಕೋಣೆಯೊಳಗೆ ಇಣುಕಬೇಡಿ. ಸ್ಪೀಕರ್ ಬೇಡ, ಸಾಧಾರಣ ದನಿಯಲ್ಲಿ ಮಾತಾಡುತ್ತಾ ನಡೆದರೆ ಸಾಕು, ಮನುಷ್ಯರು ಬಂದರು ಅಂತ ಅವಕ್ಕೆ ತಿಳಿಯುತ್ತದೆ.

ಕಿರಿಯಳು: ಅಷ್ಟಾದರೂ ಎದುರಾದರೆ?

ಹಿರಿಯರು: ಓಡಬೇಡ. ಬೆನ್ನು ತೋರಿಸಬೇಡ. ಕೂರಬೇಡ, ಬಗ್ಗಬೇಡ; ಕೂತರೆ ಸಣ್ಣ ಪ್ರಾಣಿಯಂತೆ ಕಾಣುತ್ತೀಯ. ನೆಟ್ಟಗೆ ನಿಂತು, ಕೈ ಮೇಲೆತ್ತಿ, ಗಟ್ಟಿ ದನಿಯಲ್ಲಿ ಮಾತಾಡುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿ. ಅದಕ್ಕೆ ಹೋಗುವುದಕ್ಕೆ ಒಂದು ಕಡೆ ತೆರವಿರಲಿ, ಸುತ್ತುವರಿಯಬಾರದು. ಕಲ್ಲು ಹೊಡೆಯಬಾರದು. ಮರಿ ಕಂಡರೆ ಎತ್ತಿಕೊಳ್ಳುವುದು, ಫೋಟೋ ತೆಗೆಯುತ್ತಾ ನಿಲ್ಲುವುದು ಎರಡೂ ಮಹಾ ತಪ್ಪು. ಅನಾಥ ಅಂತ ಅಂದುಕೊಳ್ಳುತ್ತಾರೆ. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಮುಟ್ಟದೆ ಬಂದುಬಿಟ್ಟರೆ ರಾತ್ರಿ ಕಚ್ಚಿಕೊಂಡು ಹೋಗುತ್ತದೆ.

ಕಿರಿಯಳು: ನಿಮಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ಪ್ರಾಣಿ ಚಿರತೆಯೇ?

ಹಿರಿಯರು: ಅಲ್ಲ. ಕರಡಿ. ನಂದಿ ಕಡೆಗಿಂತ ದೇವರಾಯನದುರ್ಗ, ಮಧುಗಿರಿ, ರಾಮನಗರದ ಬಂಡೆಗಳಿಗೆ ಹೋಗುವಾಗ ಇದನ್ನು ನೆನಪಿಡು. ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುವ ಕರಡಿಗೆ ಸುತ್ತಲಿನ ಪರಿವೆಯೇ ಇರುವುದಿಲ್ಲ. ಹತ್ತಿರ ಹೋದ ಮೇಲೆ ತಟ್ಟನೆ ನೋಡುತ್ತದೆ, ಬೆಚ್ಚಿ ಮೈಮೇಲೆ ಬೀಳುತ್ತದೆ. ಚಿರತೆ ತಪ್ಪಿಸಿಕೊಳ್ಳಲು ನೋಡುತ್ತದೆ; ಬೆಚ್ಚಿದ ಕರಡಿ ನುಗ್ಗಲು ನೋಡುತ್ತದೆ. ಅದರ ಉಗುರು ಹೋಗುವುದು ಮುಖಕ್ಕೆ. ಕಣ್ಣು ಕಳೆದುಕೊಂಡವರನ್ನು ಕಂಡಿದ್ದೇನೆ.

ಕಿರಿಯಳು: ಆಗ ಏನು ಮಾಡಬೇಕು?

ಹಿರಿಯರು: ದೂರದಲ್ಲಿ ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲಿ ಹಿಂದಿರುಗು. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ ಒತ್ತಿ, ಎರಡೂ ಕೈ ಬೆಸೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಬೇಕು. ಅದಕ್ಕೆ ನಿನ್ನನ್ನು ತಿನ್ನುವ ಇರಾದೆ ಇಲ್ಲ, ಅಪಾಯ ಇಲ್ಲ ಅನ್ನಿಸಿದರೆ ಬಿಟ್ಟು ಹೋಗುತ್ತದೆ. ಸೀತಾಫಲ, ಎಲಚಿ ಹಣ್ಣಾಗುವ ಕಾಲದಲ್ಲಿ ಬೆಳಗಿನ ಹೊತ್ತು ಆ ಪೊದೆಗಳ ಕಡೆ ಹೋಗದಿದ್ದರೆ ಇನ್ನೂ ಒಳ್ಳೆಯದು.

ಕಿರಿಯಳು: ಅಂದರೆ ದೊಡ್ಡ ಅಪಾಯ ಕರಡಿ.

ಹಿರಿಯರು: ನೀನು ಭಾನುವಾರ ಹೋಗುವ ಬೆಟ್ಟದಲ್ಲಿ ಅದೂ ಅಲ್ಲ. ಹೆಜ್ಜೇನು. ನಂದಿ, ಮಾಕಳಿ, ಸ್ಕಂದಗಿರಿಯ ಕಡಿದಾದ ಬಂಡೆಗಳ ಕೆಳಗೆ ಹೆಜ್ಜೇನಿನ ಹುಟ್ಟುಗಳು ನೇತಾಡುತ್ತವೆ. ಚಿರತೆಗೆ ಹೆದರಿ ದೊಣ್ಣೆ ಹಿಡಿದು ಹೋಗುವವರು ಅದೇ ಬಂಡೆಯ ಕೆಳಗೆ ಬೆಂಕಿ ಹಾಕಿ ನೂಡಲ್ಸ್ ಬೇಯಿಸುತ್ತಾರೆ. ಹೊಗೆ ತಾಗಿದರೆ, ಯಾರೋ ಕಲ್ಲು ಎಸೆದರೆ, ಗಿಡುಗ ಬಂದು ಹುಟ್ಟು ಕಿತ್ತರೆ ಇಡೀ ಹಿಂಡು ಎದ್ದು ಬರುತ್ತದೆ. ಒಂದು ಹುಳ ಚುಚ್ಚಿದ ಕೂಡಲೇ ಬಿಡುವ ವಾಸನೆ ಮಿಕ್ಕವನ್ನೆಲ್ಲ ಅದೇ ಜಾಗಕ್ಕೆ ಕರೆಯುತ್ತದೆ.

ಕಿರಿಯಳು: ಅಲುಗಾಡದೆ ನಿಲ್ಲಬೇಕು ಅಂತ ಕೇಳಿದ್ದೆ.

ಹಿರಿಯರು: ಒಂದೆರಡು ಹುಳ ಸುತ್ತುತ್ತಿದ್ದರೆ ಸರಿ, ಸುಮ್ಮನಿರು. ಹಿಂಡು ಎದ್ದರೆ ನಿಲ್ಲಬಾರದು. ಚಿರತೆಗೆ ಓಡಬೇಡ ಅಂದೆ, ಹೆಜ್ಜೇನಿಗೆ ಓಡಲೇಬೇಕು. ಮುಖ, ಬಾಯಿ, ಮೂಗನ್ನು ಬಟ್ಟೆಯಿಂದ ಮುಚ್ಚಿ, ಕಾಲಿಡುವ ಜಾಗ ನೋಡಿಕೊಂಡು ದೂರ ಹೋಗುತ್ತಲೇ ಇರಬೇಕು. ಬಡಿಯಬಾರದು. ಮನೆಯೋ ಕಾರೋ ಸಿಕ್ಕರೆ ಒಳಗೆ ಸೇರಿ ಬಾಗಿಲು ಹಾಕಬೇಕು. ನೀರಿಗೆ ಹಾರುವುದು ಕೆಲಸಕ್ಕೆ ಬರುವುದಿಲ್ಲ. ತಲೆ ಎತ್ತುವುದನ್ನೇ ಕಾಯುತ್ತವೆ. ಆಮೇಲೆ ಮುಳ್ಳುಗಳನ್ನು ತಡಮಾಡದೆ ಕೆರೆದು ತೆಗೆಯಬೇಕು. ತುಂಬಾ ಚುಚ್ಚಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ. ಕಡು ವಾಸನೆಯ ಸೆಂಟು ಹಾಕಿಕೊಂಡು ಬೆಟ್ಟಕ್ಕೆ ಹೋಗಬೇಡಿ.

ಕಿರಿಯಳು: ಹಾವು?

ಹಿರಿಯರು: ಬಿಸಿಲು ಕಾಯುವ ಬಂಡೆ, ಒಣಗಿದ ತರಗೆಲೆ ಅಂದರೆ ಹಾವಿನ ಜಾಗ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಿಂದಲೇ ಹೆಚ್ಚಿನ ಸಾವು. ತರಗೆಲೆಯ ಬಣ್ಣದಲ್ಲಿ ಸುತ್ತಿ ಮಲಗುವ ಕೊಳಕುಮಂಡಲ ಕಾಣುವುದೇ ಇಲ್ಲ. ಕಣಕಾಲು ಮುಚ್ಚುವ ಬೂಟು ಹಾಕು. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಿ ಬಂಡೆ ಹತ್ತಬೇಡ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದ ಹಾಗೆ ಪಟ್ಟಿ ಇಟ್ಟು, ಹೊತ್ತುಕೊಂಡು ಇಳಿಸಿ, 108ಕ್ಕೆ ಫೋನ್ ಮಾಡಿ. ಆ ನಾಲ್ಕೂ ಹಾವಿನ ವಿಷಕ್ಕೆ ಒಂದೇ ಮದ್ದು, ಅದು ಆಸ್ಪತ್ರೆಯಲ್ಲಿದೆ. ಹಾವನ್ನು ಹಿಡಿದು ತರಬೇಕಾಗಿಲ್ಲ.

ಕಿರಿಯಳು: 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದೆ. ಯಾವ ತಾಲ್ಲೂಕಿಗೆ ಎಷ್ಟು ಮದ್ದು ಬೇಕು ಅಂತ ಇನ್ನಾದರೂ ಗೊತ್ತಾಗುತ್ತದೆ.

ಹಿರಿಯರು: ತುಂಬಾ ಒಳ್ಳೆಯ ಕೆಲಸ ಅದು. ಹೊಲದಲ್ಲಿ ದುಡಿಯುವವರಿಗೆ ಅದರಿಂದ ಉಪಕಾರ ಹೆಚ್ಚು.

ಕಿರಿಯಳು: ನಂದಿಯ ಮೇಲೆ ಕೋತಿಗಳ ಕಾಟವೇ ಕಾಟ. ಕೈಯಿಂದ ಚೀಲ ಕಿತ್ತುಕೊಳ್ಳುತ್ತವೆ.

ಹಿರಿಯರು: ಕಾಡಿನ ಹಣ್ಣು, ಚಿಗುರು, ಹುಳ ತಿಂದು ಬದುಕಬೇಕಾದ ಕೋತಿಗೆ ಚಿಪ್ಸ್ ಕೊಟ್ಟವರು ಯಾರು? ಪುಣ್ಯ ಬರುತ್ತದೆ ಅಂತ ಬಾಳೆಹಣ್ಣು ಕೊಡುತ್ತಾರೆ. ಕೊಟ್ಟವರು ಸಂಜೆ ಮನೆಗೆ ಹೋಗುತ್ತಾರೆ. ಕೋತಿ ಮರುದಿನ ಕೈ ಖಾಲಿ ಇರುವ ಮಗುವನ್ನು ಪರಚುತ್ತದೆ. ಆಮೇಲೆ ದೂರು, ಬಲೆ, ಬೋನು. ರಸ್ತೆ ಬದಿ ಕಾದು ಕುಳಿತ ಮರಿಗಳು ಕಾರಿನಡಿ ಸಾಯುತ್ತವೆ. ಕೊಡದೆ ಇರುವುದೇ ಅವುಗಳಿಗೆ ತೋರಿಸುವ ದಯೆ.

ಕಿರಿಯಳು: ಮಲೆನಾಡಿನ ಕಡೆ ಹೋದರೆ ಈ ಪಾಠ ಬೇರೆ ಇರುತ್ತಾ?

ಹಿರಿಯರು: ಪ್ರಾಣಿ ಬೇರೆ, ಪಾಠ ಅದೇ. ಅಲ್ಲಿ ಆನೆ. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ. ಹಸಿ ಲದ್ದಿ, ಮುರಿದ ಬಿದಿರು ಕಂಡರೆ ಅಲ್ಲಿಗೇ ನಿಂತು ಹಿಂದಿರುಗಬೇಕು. ಇನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಅದರಿಂದಲೇ ಹರಡುತ್ತದೆ. ಮಂಗ ಸತ್ತು ಬಿದ್ದ ಸುದ್ದಿ ಇರುವ ಕಾಡಿಗೆ ಬೇಸಿಗೆಯಲ್ಲಿ ಹೋಗಲೇಬಾರದು.

ಕಿರಿಯಳು: 2024ರ ಜನವರಿ 26ರ ರಜೆಯಲ್ಲಿ ಕುಮಾರ ಪರ್ವತದ ಮೇಲೆ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರ ನೋಡಿದ್ದೀರಲ್ಲ? ಆಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ನನಗೆ ಆಗ ಕೋಪ ಬಂದಿತ್ತು. ಈಗ ಅನ್ನಿಸುತ್ತದೆ, ಅಷ್ಟು ಜನ ಹೋದ ಬೆಟ್ಟದಲ್ಲಿ ಒಂದು ಕಾಡುಕುರಿಗಾದರೂ ನೀರಿನ ತನಕ ಬರುವುದಕ್ಕೆ ಜಾಗ ಇತ್ತಾ?

ಹಿರಿಯರು: ಅದೇ ಕೇಳಬೇಕಾದ ಪ್ರಶ್ನೆ. ನಾವು ಬೆಟ್ಟಕ್ಕೆ ಹೋಗಿ ಬಂದ ದಿನ ಅಲ್ಲಿಯ ಪ್ರಾಣಿಯ ದಿನಚರಿ ಕೆಟ್ಟಿತೋ ಇಲ್ಲವೋ? ಕೆಡದಿದ್ದರೆ ನಿನ್ನದು ಒಳ್ಳೆಯ ಚಾರಣ. ಪ್ರಾಣಿ ಕಂಡಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಕಿರಿಯಳು: ಆದರೆ ಕಾಣಬೇಕು ಅನ್ನುವ ಆಸೆ ಸುಳ್ಳಲ್ಲ ದೊಡ್ಡಪ್ಪ. ಅದಕ್ಕೇ ಅಲ್ಲವಾ ಹೋಗುವುದು?

ಹಿರಿಯರು: ಆಸೆ ಇರಲಿ. ಅದನ್ನು ಚಿರತೆಗೇ ಕಟ್ಟಿಹಾಕಬೇಡ. ನಂದಿಯ ಬಂಡೆ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಅದು ಪ್ರಪಂಚದಲ್ಲಿ ಬೇರೆಲ್ಲೂ ಬದುಕುವುದಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಲ್ಲಿ ಕಾಡುಪಾಪ ಇದೆ. ರಾತ್ರಿ ಹೊತ್ತು ಕೆಂಪು ಬೆಳಕಿನ ಟಾರ್ಚ್ ಹಿಡಿದು ಬಲ್ಲವರ ಜೊತೆ ಹೋದರೆ ಎರಡು ಕಣ್ಣು ಹೊಳೆಯುತ್ತವೆ. 2015ರಲ್ಲಿ ಪಕ್ಷಿ ಮೀಸಲು ಅಂತ ಘೋಷಿಸಿದ ಪುಟ್ಟೇನಹಳ್ಳಿ ಕೆರೆ ನಿನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನೋಡುವ ಕಣ್ಣು ಅಲ್ಲಿ ತಯಾರಾಗುತ್ತದೆ. ಆಮೇಲೆ ಬೆಟ್ಟದಲ್ಲಿ ಒಂದು ಹೆಜ್ಜೆ ಗುರುತು ಕಂಡರೂ ಅದೇ ದೊಡ್ಡ ಭೇಟಿ ಅನ್ನಿಸುತ್ತದೆ.

ಕಿರಿಯಳು: ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತಲ್ಲ. ಐದು ಸಾವಿರ ಎಕರೆಗೂ ಹೆಚ್ಚು. ವರ್ಷಗಟ್ಟಲೆ ಪಕ್ಷಿಪ್ರಿಯರು ಕೇಳುತ್ತಾ ಬಂದಿದ್ದರು.

ಹಿರಿಯರು: 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟ ಕೆರೆ ಹೆಸರಘಟ್ಟದ್ದು. ಅದರ ಸುತ್ತಲಿನ ಹುಲ್ಲು ಉಳಿದರೆ ನರಿ, ಚಿರತೆ, ಗಿಡುಗ ಎಲ್ಲಕ್ಕೂ ನೆಲೆ, ಅರ್ಕಾವತಿಗೆ ನೀರು. ಖಾಲಿ ಜಾಗ ಅಂತ ಕಂಡವರಿಗೆ ಅದು ಬರೀ ಸೈಟು. ಮಂಡಳಿ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬಾರದು. ಜನ ಕಣ್ಣಿಟ್ಟು ಕಾಯಬೇಕು. ನಿನ್ನಂಥವರು ಬೆಟ್ಟ ಹತ್ತಿ ಫೋಟೋ ಹಾಕುವಷ್ಟೇ ಉತ್ಸಾಹದಿಂದ, ಆ ಬೆಟ್ಟದ ಪಕ್ಕ ಹೊಸ ಗಣಿಗೆ ಅರ್ಜಿ ಬಿದ್ದಾಗ ಸಾರ್ವಜನಿಕ ಅಹವಾಲು ಸಭೆಗೂ ಹೋಗಿ ಎದ್ದು ನಿಂತು ಮಾತಾಡಬೇಕು.

ಕಿರಿಯಳು: ಹೋಗುತ್ತೇನೆ. ಭಾನುವಾರಕ್ಕೆ ಮಾತ್ರ ಒಂದು ಮಾತಿನಲ್ಲಿ ಹೇಳಿ, ಅಮ್ಮನಿಗೆ ಏನು ಹೇಳಲಿ?

ಹಿರಿಯರು: ಬೆಳಕಿದ್ದಾಗ ಹೋಗಿ ಬೆಳಕಿದ್ದಾಗಲೇ ಬರುತ್ತೇವೆ, ಒಟ್ಟಿಗೆ ನಡೆಯುತ್ತೇವೆ, ಬೆಂಕಿ ಹಾಕುವುದಿಲ್ಲ, ಯಾವ ಪ್ರಾಣಿಗೂ ಏನೂ ತಿನ್ನಿಸುವುದಿಲ್ಲ, ಕೊಂಡುಹೋದ ಪ್ಲಾಸ್ಟಿಕ್ ಅಷ್ಟನ್ನೂ ವಾಪಸ್ ತರುತ್ತೇವೆ ಅಂತ ಹೇಳು. ನಿನ್ನ ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು ಹೇಳು. ಚಿರತೆ ಕಂಡರೆ ವಿಡಿಯೋ ಹಂಚುವ ಮೊದಲು ಮಕ್ಕಳನ್ನು ಒಳಗೆ ಕರೆದುಕೊಂಡು, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಲಿ. ಗೇಟಿನ ಹೊರಗೆ ಊಟದ ಎಂಜಲು ಸುರಿಯುವುದನ್ನು ಇವತ್ತೇ ನಿಲ್ಲಿಸಲಿ. ಬೆಂಗಳೂರಿನ ಉತ್ತರಕ್ಕೆ ಇನ್ನೂ ಚಿರತೆ ಇರುವ ಬೆಟ್ಟಗಳಿವೆ. ಅವು ನಿನ್ನ ಮಕ್ಕಳ ಕಾಲಕ್ಕೂ ಇರಬೇಕಾದರೆ ಈ ಊರಿನ ಪ್ರತಿ ಮನೆಯೂ ಇಷ್ಟನ್ನಾದರೂ ಮಾಡಲೇಬೇಕು.